ರೈಟಿಂಗ್‌ನಲ್ಲಿ ಅರ್ಧ ಬ್ಯಾಂಡ್ ಕಡಿಮೆ: ತಪ್ಪು ಕನ್ನಡ ಮಾಧ್ಯಮದ್ದೇ?

ಪ್ರಶ್ನೆ: ನಾನು ತಿಪಟೂರು ತಾಲ್ಲೂಕಿನವನು. ಹತ್ತನೆಯ ತರಗತಿಯವರೆಗೆ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ವಿಟಿಯು ವ್ಯಾಪ್ತಿಯ ಕಾಲೇಜೊಂದರಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿದ್ದೇನೆ, ಸಿಜಿಪಿಎ 7.6. ಎರಡು ವರ್ಷಗಳಿಂದ ಪೀಣ್ಯದ ಟೂಲ್ ರೂಮ್ ಒಂದರಲ್ಲಿ ಕೆಲಸದಲ್ಲಿದ್ದೇನೆ. ಮುಂದಿನ ವರ್ಷ ಅಮೆರಿಕದಲ್ಲೋ ಜರ್ಮನಿಯಲ್ಲೋ ಎಂ.ಎಸ್. ಸೇರುವ ಆಸೆಯಿದೆ. ಮೂರು ವಾರಗಳ ಹಿಂದೆ ಇಂಗ್ಲಿಷ್ ಸಾಮರ್ಥ್ಯದ ಪರೀಕ್ಷೆಯಾದ ಐಇಎಲ್‌ಟಿಎಸ್ ಅನ್ನು ಕಂಪ್ಯೂಟರ್‌ನಲ್ಲಿ ಬರೆದೆ. ಲಿಸನಿಂಗ್ 7, ರೀಡಿಂಗ್ 7, ರೈಟಿಂಗ್ 6, ಸ್ಪೀಕಿಂಗ್ 6.5 ಬಂದು, ಒಟ್ಟು ಬ್ಯಾಂಡ್ (ಅಂಕದ ಮಟ್ಟ) 6.5 ಆಗಿದೆ. ನನಗೆ ಬೇಕಿದ್ದದ್ದು 7. ಕೋಚಿಂಗ್ ಸೆಂಟರ್‌ನವರು, ಕನ್ನಡ ಮೀಡಿಯಂನವರಿಗೆ ಇದು ಸಹಜ, ಆರು ತಿಂಗಳ ಪ್ಯಾಕೇಜ್ ತೆಗೆದುಕೊಳ್ಳಿ, ಉಚ್ಚಾರಣೆ ತಿದ್ದುತ್ತೇವೆ, ಸ್ನಾತಕೋತ್ತರ ಪ್ರವೇಶಕ್ಕೆ ಬರೆಯುವ ಜಿಆರ್‌ಇ ಪರೀಕ್ಷೆಗೆ 3,500 ಪದ ಬಾಯಿಪಾಠ ಮಾಡಿಸುತ್ತೇವೆ ಎನ್ನುತ್ತಾರೆ. ಕೇಳುತ್ತಿರುವುದು ಎಂಬತ್ತು ಸಾವಿರ ರೂಪಾಯಿ. ಸ್ನೇಹಿತರು, ವಿಶ್ವವಿದ್ಯಾಲಯಗಳು ಜಿಆರ್‌ಇಯನ್ನು ಎಲ್ಲ ಕಡೆ ಕೈಬಿಟ್ಟಿವೆ, ಬರೆಯಲೇಬೇಡ ಎನ್ನುತ್ತಾರೆ. ಐಇಎಲ್‌ಟಿಎಸ್ ಮತ್ತೆ ಬರೆಯಲೇ, ಇನ್ನೊಂದು ಇಂಗ್ಲಿಷ್ ಪರೀಕ್ಷೆಯಾದ ಟೋಫೆಲ್‌ಗೆ ಹೋಗಲೇ? ಅಭ್ಯಾಸಕ್ಕೆಂದು ಬರೆದ ಒಂದು ಪ್ರಬಂಧವನ್ನು ಜೊತೆಗೆ ಕಳಿಸಿದ್ದೇನೆ.

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವಿದ್ದರೂ ಅವುಗಳ ಅಡಿಯಲ್ಲಿರುವ ಅಳುಕು ಒಂದೇ. ಹಳ್ಳಿಯ ಕನ್ನಡ ಶಾಲೆಯಲ್ಲಿ ಕಲಿತದ್ದಕ್ಕೆ ಈಗ ದಂಡ ತೆರುತ್ತಿದ್ದೇನೆಯೇ ಎಂಬ ಅಳುಕು ಅದು. ನಿಮ್ಮ ಅಂಕಪಟ್ಟಿ ಮಾತ್ರ ಬೇರೆಯೇ ಕಥೆ ಹೇಳುತ್ತಿದೆ. ಲಿಸನಿಂಗ್ ಮತ್ತು ಅಕಾಡೆಮಿಕ್ ರೀಡಿಂಗ್ ಎರಡರಲ್ಲೂ 7 ಬ್ಯಾಂಡ್ ಬರಬೇಕಾದರೆ 40 ಪ್ರಶ್ನೆಗಳಲ್ಲಿ ಸುಮಾರು 30ಕ್ಕೆ ಸರಿಯುತ್ತರ ಕೊಟ್ಟಿರಬೇಕು. ಅಪರಿಚಿತರು ಆಡುವ ಇಂಗ್ಲಿಷನ್ನು ಒಂದೇ ಸಲ ಕೇಳಿ, ಉದ್ದುದ್ದ ಲೇಖನಗಳನ್ನು ಒಂದು ಗಂಟೆಯಲ್ಲಿ ಓದಿ ಇಷ್ಟನ್ನು ಸರಿಮಾಡಿದವರಿಗೆ ಇಂಗ್ಲಿಷ್ ಬರುವುದಿಲ್ಲ ಎಂದು ಯಾರೂ ಹೇಳಲಾಗದು. ಭಾಷೆ ನಿಮ್ಮೊಳಗೆ ಸರಿಯಾಗಿಯೇ ಇಳಿದಿದೆ. ಕೊರತೆ ಇರುವುದು ಅದನ್ನು ಕಾಗದಕ್ಕಿಳಿಸುವ ಕಡೆ, ಅದೂ ಪರೀಕ್ಷಕರು ಕೇಳುವ ಒಂದು ನಿರ್ದಿಷ್ಟ ಬಗೆಯ ಬರವಣಿಗೆಯಲ್ಲಿ.

ಮೊದಲು ಲೆಕ್ಕ ನೋಡೋಣ. ನಿಮ್ಮ ನಾಲ್ಕು ಅಂಕಗಳ ಮೊತ್ತ 26.5, ನಾಲ್ಕರಿಂದ ಭಾಗಿಸಿದರೆ 6.625. ಐಇಎಲ್‌ಟಿಎಸ್ ಸರಾಸರಿಯನ್ನು ಹತ್ತಿರದ ಅರ್ಧ ಬ್ಯಾಂಡಿಗೆ ಹೊಂದಿಸುತ್ತದೆ, ದಶಾಂಶ .25 ಇದ್ದರೆ ಮೇಲಿನ ಅರ್ಧಕ್ಕೆ, .75 ಇದ್ದರೆ ಮೇಲಿನ ಪೂರ್ಣಕ್ಕೆ ಏರಿಸುತ್ತದೆ. ಹಾಗಾಗಿ ನಿಮ್ಮದು 6.5ಕ್ಕೆ ಇಳಿದಿದೆ. ರೈಟಿಂಗ್ ಒಂದರಲ್ಲೇ 6ರ ಬದಲು 6.5 ಬಂದಿದ್ದರೆ ಮೊತ್ತ 27, ಸರಾಸರಿ 6.75, ಒಟ್ಟು ಬ್ಯಾಂಡ್ 7 ಆಗುತ್ತಿತ್ತು. ನಿಮಗೂ ನಿಮ್ಮ ಗುರಿಗೂ ನಡುವೆ ಇರುವುದು ಒಂದೇ ವಿಭಾಗದ ಅರ್ಧ ಬ್ಯಾಂಡ್. ಅದಕ್ಕೆ ಆರು ತಿಂಗಳ ಪ್ಯಾಕೇಜ್ ಎಂದರೆ ಒಂದು ಸ್ಕ್ರೂ ಸಡಿಲವಾದುದಕ್ಕೆ ಇಡೀ ಮೆಷಿನ್ ಬಿಚ್ಚಿದಂತೆ. ಟೂಲ್ ರೂಮಿನಲ್ಲಿರುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನೀವು ಬರೆದದ್ದು ಕಂಪ್ಯೂಟರ್‌ನಲ್ಲಿ ಎಂಬುದು ಇಲ್ಲಿ ಒಳ್ಳೆಯದಾಯಿತು. ಕಂಪ್ಯೂಟರ್ ಪರೀಕ್ಷೆ ಬರೆದವರಿಗೆ ನಾಲ್ಕರಲ್ಲಿ ಒಂದು ವಿಭಾಗವನ್ನು ಮಾತ್ರ ಮರಳಿ ಬರೆಯುವ ‘ಒನ್ ಸ್ಕಿಲ್ ರೀಟೇಕ್’ ಎಂಬ ಅವಕಾಶ ಭಾರತದಲ್ಲಿದೆ. ಅದನ್ನು ಮೂಲ ಪರೀಕ್ಷೆಯಾದ 60 ದಿನಗಳೊಳಗೆ, ಒಂದೇ ಸಲ ಬಳಸಬಹುದು. ಅದರ ಅಂಕ ಸೇರಿಸಿದ ಹೊಸ ಫಲಿತಾಂಶ ಪತ್ರ ಬರುತ್ತದೆ. ಹಳೆಯದನ್ನು ಕೊಡಬೇಕೋ ಹೊಸದನ್ನೋ ಎಂಬುದು ನಿಮ್ಮ ಆಯ್ಕೆ. ಮೂರು ವಾರ ಈಗಾಗಲೇ ಕಳೆದಿರುವುದರಿಂದ ನಿಮ್ಮ ಕೈಯಲ್ಲಿ ಐದು ವಾರಕ್ಕಿಂತ ಸ್ವಲ್ಪ ಹೆಚ್ಚು ಸಮಯವಿದೆ. ಇದರಲ್ಲಿ ಒಂದು ತೊಡಕೂ ಇದೆ. ಈ ರೀಟೇಕ್ ಅಂಕವನ್ನು ಎಲ್ಲ ವಿಶ್ವವಿದ್ಯಾಲಯಗಳೂ ಒಪ್ಪುವುದಿಲ್ಲ. ನೀವು ಅರ್ಜಿ ಹಾಕಲಿರುವ ವಿಭಾಗಗಳಿಗೆ ಇಮೇಲ್ ಬರೆದು ಕೇಳಿಯೇ ಹಣ ಕಟ್ಟಬೇಕು. ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕುವ ದಾರಿಯೂ ಒಂದಿದೆ, ಪರೀಕ್ಷೆಯಾದ ಆರು ವಾರಗಳೊಳಗೆ ಕೇಳಬಹುದು, ಅಂಕ ಬದಲಾದರೆ ಶುಲ್ಕ ಹಿಂದಿರುಗುತ್ತದೆ. ಆದರೆ ನೀವು ಕಳಿಸಿರುವ ಪ್ರಬಂಧವನ್ನು ಓದಿದ ಮೇಲೆ ನನಗೆ ಆ 6 ಅನ್ಯಾಯದ ಅಂಕವೆಂದು ಅನ್ನಿಸುತ್ತಿಲ್ಲ. ಪರೀಕ್ಷೆಯಲ್ಲೂ ಹೀಗೆಯೇ ಬರೆದಿದ್ದರೆ ಮರುಮೌಲ್ಯಮಾಪನದಿಂದ ಹೆಚ್ಚೇನೂ ಸಿಗಲಾರದು.

ಇದಕ್ಕೂ ಮೊದಲು ನಾನು ಕೇಳಬೇಕಾದ ಪ್ರಶ್ನೆಯೊಂದಿದೆ: ನಿಮಗೆ 7 ಬೇಕೆಂದು ಹೇಳಿದವರು ಯಾರು? ಅಮೆರಿಕದ ಅನೇಕ ಎಂಜಿನಿಯರಿಂಗ್ ವಿಭಾಗಗಳೂ ಜರ್ಮನಿಯಲ್ಲಿ ಇಂಗ್ಲಿಷಿನಲ್ಲಿ ನಡೆಯುವ ಅನೇಕ ಸ್ನಾತಕೋತ್ತರ ಕೋರ್ಸುಗಳೂ 6.5 ಕೇಳುತ್ತವೆ. ಕೆಲವು 7 ಕೇಳುತ್ತವೆ, ಕೆಲವು ಒಟ್ಟು ಅಂಕದ ಜೊತೆಗೆ ಯಾವ ವಿಭಾಗದಲ್ಲೂ ಇಂತಿಷ್ಟಕ್ಕಿಂತ ಕಡಿಮೆ ಇರಬಾರದೆಂಬ ಷರತ್ತು ಹಾಕುತ್ತವೆ. ಅಮೆರಿಕದಲ್ಲಿ ಟೀಚಿಂಗ್ ಅಸಿಸ್ಟೆಂಟ್ ಆಗಿ ಶುಲ್ಕ ಹಗುರ ಮಾಡಿಕೊಳ್ಳುವ ಯೋಚನೆಯಿದ್ದರೆ ಸ್ಪೀಕಿಂಗ್‌ನಲ್ಲಿ ಪ್ರವೇಶಕ್ಕೆ ಬೇಕಾದುದಕ್ಕಿಂತ ಹೆಚ್ಚಿನ ಅಂಕವನ್ನು ಕೇಳುವುದುಂಟು. ಎಂಟು-ಹತ್ತು ಕೋರ್ಸುಗಳ ಪುಟಗಳನ್ನು ನೀವೇ ತೆರೆದು, ಒಂದು ಹಾಳೆಯಲ್ಲಿ ಪ್ರತಿಯೊಂದರ ಎದುರು ಒಟ್ಟು ಅಂಕ, ವಿಭಾಗವಾರು ಕನಿಷ್ಠ, ಜಿಆರ್‌ಇ ಸ್ಥಿತಿ, ಕೊನೆಯ ದಿನಾಂಕ ಇಷ್ಟನ್ನು ಬರೆದುಕೊಳ್ಳಿ. ಒಂದು ಭಾನುವಾರದ ಕೆಲಸ ಅದು. ನನ್ನ ಬಳಿಗೆ ಬರುವವರಲ್ಲಿ ಹೆಚ್ಚಿನವರು ಪರೀಕ್ಷೆಗೆ ಹಣ ಕಟ್ಟಿದ ಮೇಲೆ ಈ ಹಾಳೆ ಮಾಡಲು ಕೂರುತ್ತಾರೆ.

ಈಗ ನಿಮ್ಮ ಪ್ರಬಂಧಕ್ಕೆ ಬರುತ್ತೇನೆ. ಸಾರ್ವಜನಿಕ ಸಾರಿಗೆಯನ್ನು ಎಲ್ಲರಿಗೂ ಉಚಿತ ಮಾಡಬೇಕೇ ಎಂಬುದು ವಿಷಯ. ನಿಮ್ಮ ಮೊದಲ ವಾಕ್ಯ ಹೀಗಿದೆ: ‘ಇನ್ ದಿಸ್ ಮಾಡರ್ನ್ ವರ್ಲ್ಡ್, ಟ್ರಾನ್ಸ್‌ಪೋರ್ಟ್ ಈಸ್ ಪ್ಲೇಯಿಂಗ್ ವೈಟಲ್ ರೋಲ್ ಇನ್ ಎವ್ರಿಬಡೀಸ್ ಲೈಫ್.’ ಆಮೇಲೆ ಉಚಿತ ಸಾರಿಗೆಯ ಲಾಭಗಳ ಒಂದು ಪ್ಯಾರಾ, ನಷ್ಟಗಳ ಒಂದು ಪ್ಯಾರಾ, ಕೊನೆಗೆ ‘ಎರಡೂ ಕಡೆ ಸತ್ಯವಿದೆ’ ಎಂಬ ಅಡ್ಡಗೋಡೆಯ ಮೇಲಿನ ದೀಪ. ಇದು ನಮ್ಮ ಎಸ್ಸೆಸ್ಸೆಲ್ಸಿ ಕನ್ನಡ ಪತ್ರಿಕೆಯ ಪ್ರಬಂಧದ ಅಚ್ಚು: ಪೀಠಿಕೆ, ವಿಷಯ ವಿವರಣೆ, ಉಪಸಂಹಾರ. ಅಲ್ಲಿ ಪೀಠಿಕೆಯೆಂದರೆ ವಿಷಯದ ಸುತ್ತ ಗೌರವದಿಂದ ಒಂದು ಪ್ರದಕ್ಷಿಣೆ ಹಾಕುವುದು. ಅದಕ್ಕೆ ಅಂಕವೂ ಉಂಟು. ಐಇಎಲ್‌ಟಿಎಸ್ ಪರೀಕ್ಷಕರು ನೋಡುವುದೇ ಬೇರೆ. ಕೇಳಿದ ಪ್ರಶ್ನೆಗೆ ನಿಮ್ಮ ನಿಲುವು ಏನು, ಅದು ಮೊದಲಿನಿಂದ ಕೊನೆಯವರೆಗೆ ಕದಲದೆ ನಿಂತಿದೆಯೇ, ಪ್ರತಿ ಪ್ಯಾರಾದಲ್ಲಿ ಒಂದು ಮುಖ್ಯ ಮಾತು ಬೆಳೆದಿದೆಯೇ ಎಂಬುದು ಅವರ ಮೊದಲ ಎರಡು ಅಳತೆಗೋಲುಗಳು. ಪದಸಂಪತ್ತು ಮತ್ತು ವ್ಯಾಕರಣ ಉಳಿದೆರಡು. ನಾಲ್ಕಕ್ಕೂ ಸಮಾನ ತೂಕವಿದೆ. ಹಾಗಾಗಿ ವ್ಯಾಕರಣವನ್ನು ಎಷ್ಟೇ ತಿಕ್ಕಿ ತೊಳೆದರೂ, ನಿಲುವಿಲ್ಲದ ಪ್ರಬಂಧ 6ರ ಆಸುಪಾಸಿನಲ್ಲೇ ಕುಳಿತಿರುತ್ತದೆ.

ಇನ್ನೊಂದು ಮಾತು. ಎರಡನೆಯ ಪ್ಯಾರಾದಲ್ಲಿ ನೀವು ಅಮೆರಿಕದ ದೊಡ್ಡ ವಿಶ್ವವಿದ್ಯಾಲಯವೊಂದರ ಸಂಶೋಧನೆಯ ಪ್ರಕಾರ ಶೇಕಡಾ 85 ಜನ ಬಸ್ಸನ್ನೇ ಬಯಸುತ್ತಾರೆ ಎಂದು ಬರೆದಿದ್ದೀರಿ. ಈ ಅಂಕಿ ನಿಮಗೆ ಸಿಕ್ಕಿದ್ದು ಕೋಚಿಂಗ್ ಸೆಂಟರ್‌ನ ಟೆಂಪ್ಲೇಟ್ ಹಾಳೆಯಲ್ಲಿ ಎಂಬುದು ನನ್ನ ಊಹೆ. ಪರೀಕ್ಷಕರು ಇಂಥ ಗಿಳಿಪಾಠವನ್ನು ದಿನವೂ ನೋಡುತ್ತಾರೆ, ಬಾಯಿಪಾಠದ ವಾಕ್ಯಗಳಿಗೆ ಬೆಲೆ ಕೊಡಬಾರದೆಂದೇ ಅವರಿಗೆ ತರಬೇತಿ ಆಗಿರುತ್ತದೆ. 2023ರ ಜೂನ್ 11ರಿಂದ ನಮ್ಮ ರಾಜ್ಯದಲ್ಲಿ ಶಕ್ತಿ ಯೋಜನೆ ಜಾರಿಯಲ್ಲಿದೆ; ಮಹಿಳೆಯರಿಗೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಹಣವಿಲ್ಲ. ನಿಮ್ಮ ಮನೆಯ ಹೆಂಗಸರು ಆಮೇಲೆ ಎಲ್ಲೆಲ್ಲಿ ಓಡಾಡಿದರು, ಬೆಳಿಗ್ಗೆ ತಿಪಟೂರಿನ ಬಸ್ಸಿನಲ್ಲಿ ನಿಲ್ಲಲು ಜಾಗವಿತ್ತೇ, ಅದರ ಖರ್ಚನ್ನು ಯಾರು ಹೊರುತ್ತಾರೆ ಎಂಬುದೆಲ್ಲ ನಿಮಗೆ ಗೊತ್ತಿರುವ ಸಂಗತಿಗಳು. ಜಗತ್ತಿನ ಬೇರೆ ಅಭ್ಯರ್ಥಿಗಳು ಊಹಿಸಿ ಬರೆಯಬೇಕಾದುದನ್ನು ನೀವು ಕಂಡು ಬರೆಯಬಹುದಾಗಿದ್ದ ವಿಷಯದಲ್ಲಿ ಇಲ್ಲದ ಸಂಶೋಧನೆಯೊಂದರ ಮೊರೆ ಹೋದಿರಲ್ಲ ಎಂದು ಓದುವಾಗ ನನಗೆ ಬೇಸರವಾಯಿತು. ‘ಉಚಿತ ಸಾರಿಗೆ ಎಲ್ಲರಿಗೂ ಬೇಡ, ಕಡಿಮೆ ಆದಾಯದವರಿಗೆ ಬೇಕು, ಕಾರಣ ಇದು’ ಎಂದು ಎರಡನೆಯ ವಾಕ್ಯದಲ್ಲೇ ಹೇಳಿ, ಈ ಅನುಭವವನ್ನು ಸರಳ ಇಂಗ್ಲಿಷಿನಲ್ಲಿ ವಿವರಿಸಿದ್ದರೆ ಅದೇ ವ್ಯಾಕರಣದಲ್ಲೂ ಪ್ರಬಂಧ ಮೇಲೇರುತ್ತಿತ್ತು.

ವ್ಯಾಕರಣದ ತಪ್ಪುಗಳು ನಿಮ್ಮಲ್ಲಿ ಹಲವಿದ್ದರೂ ಬಗೆಗಳು ಮೂರೋ ನಾಲ್ಕೋ ಮಾತ್ರ, ಮತ್ತು ಅವೆಲ್ಲ ಕನ್ನಡದಿಂದ ನೇರವಾಗಿ ಬಂದವು. ಇಲ್ಲಿ ಮಾತ್ರ ಮಾಧ್ಯಮದ ಮಾತು ತುಸು ನಿಜ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಬೆಂಗಳೂರಿನ ಹುಡುಗರೂ ಇವೇ ತಪ್ಪುಗಳನ್ನು ಮಾಡುತ್ತಾರೆಂಬುದನ್ನು ಸೇರಿಸಿ ಹೇಳಬೇಕು. ಕನ್ನಡದ ನಾಮಪದಕ್ಕೆ ‘ಎ’, ‘ದ’ಗಳ ಹಂಗಿಲ್ಲ. ‘ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇನೆ’ ಎಂದರೆ ನಮಗೆ ಸಾಕು, ಆದ್ದರಿಂದ ‘ಐ ವರ್ಕ್ ಇನ್ ಫ್ಯಾಕ್ಟರಿ’ ಎಂಬುದು ನಮ್ಮ ಕಿವಿಗೆ ತಪ್ಪೆನಿಸುವುದಿಲ್ಲ. ‘ನಿನ್ನೆಯೇ’ ಎಂಬುದರ ಏಕಾರ ‘ಯೆಸ್ಟರ್ಡೇ ಓನ್ಲಿ’ ಆಗುತ್ತದೆ. ‘ಇಬ್ಬರು ತಮ್ಮಂದಿರಿದ್ದಾರೆ’ ಎಂಬುದು ‘ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್’ ಆಗುತ್ತದೆ. ಪರಿಹಾರಕ್ಕೆ ಇಡೀ ವ್ಯಾಕರಣ ಪುಸ್ತಕ ಬೇಡ. ನಲವತ್ತು ನಿಮಿಷದ ಪ್ರಬಂಧದ ಕೊನೆಯ ನಾಲ್ಕು ನಿಮಿಷಗಳನ್ನು ಮೀಸಲಿಟ್ಟು, ಪ್ರತಿ ಏಕವಚನ ನಾಮಪದದ ಹಿಂದೆ ಏನಿದೆ ಎಂದು ಬೆರಳಿಟ್ಟು ನೋಡುವ ಅಭ್ಯಾಸ ಮಾಡಿಕೊಳ್ಳಿ. ನಲವತ್ತು ನಿಮಿಷ ಎಂದೆ. ಏಕೆಂದರೆ ರೈಟಿಂಗ್‌ನಲ್ಲಿ ಎರಡು ಬರಹಗಳಿದ್ದು, 250 ಪದಗಳ ಎರಡನೆಯದಾದ ಈ ಪ್ರಬಂಧಕ್ಕೆ 150 ಪದಗಳ ಮೊದಲನೆಯದರ ಎರಡು ಪಟ್ಟು ತೂಕವಿದೆ. ಗ್ರಾಫ್ ವಿವರಿಸುವ ಮೊದಲ ಬರಹದಲ್ಲೇ ಅರ್ಧ ಗಂಟೆ ಕಳೆದರೆ ನಷ್ಟ ಖಚಿತ.

ಉಚ್ಚಾರಣೆಯ ವಿಷಯದಲ್ಲಿ ನಿಮಗೆ ಹೇಳಿರುವುದು ಪೂರ್ತಿ ಮಿಥ್ಯೆ. ಬ್ರಿಟಿಷರ ಹಾಗೋ ಅಮೆರಿಕನ್ನರ ಹಾಗೋ ಮಾತಾಡಿದ್ದಕ್ಕೆ ಅಂಕವಿಲ್ಲ. ಕೇಳುವವರಿಗೆ ತ್ರಾಸವಿಲ್ಲದೆ ಅರ್ಥವಾಗುತ್ತದೆಯೇ ಎಂಬುದಷ್ಟೇ ಅಳತೆ. ಕನ್ನಡಿಗರ ತೊಡಕು ಬೇರೆ ಕಡೆ ಇದೆ. ನಾವು ಪದದ ಎಲ್ಲ ಅಕ್ಷರಗಳಿಗೂ ಹೆಚ್ಚುಕಡಿಮೆ ಒಂದೇ ಒತ್ತು ಕೊಡುತ್ತೇವೆ. ‘ಡೆವಲಪ್’ ಎಂಬಲ್ಲಿ ಒತ್ತು ಎರಡನೆಯ ಅಕ್ಷರದ ಮೇಲೆ ಬೀಳಬೇಕು, ‘ಫೋಟೊಗ್ರಾಫ್’ನಲ್ಲಿ ಮೊದಲನೆಯದರ ಮೇಲೆ, ‘ಫೋಟೊಗ್ರಫಿ’ಯಲ್ಲಿ ಎರಡನೆಯದರ ಮೇಲೆ. ಇದರ ಜೊತೆಗೆ, ಒಂದು ನಿಮಿಷ ಯೋಚಿಸಿ ಎರಡು ನಿಮಿಷದವರೆಗೆ ಮಾತಾಡಬೇಕಾದ ಕ್ಯೂ ಕಾರ್ಡ್ ಭಾಗದಲ್ಲಿ ನೀವು ಬೇಗನೆ ನಿಂತಿರಬಹುದೆಂದು ನನ್ನ ಅಂದಾಜು. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ನಿಮ್ಮನ್ನು ನೀವೇ ಕೇಳಿಸಿಕೊಳ್ಳುವುದು ಮೊದಲ ವಾರ ಮುಜುಗರ ಎನಿಸಿದರೂ, ಅದಕ್ಕಿಂತ ಅಗ್ಗದ ಮೇಷ್ಟ್ರು ಬೇರೆ ಇಲ್ಲ.

ಟೋಫೆಲ್‌ಗೆ ಬದಲಾಯಿಸುವುದು ನಿಮಗೆ ಬೇಡವೆಂಬುದು ನನ್ನ ಅಭಿಪ್ರಾಯ. 2026ರ ಜನವರಿ 21ರಿಂದ ಅದರ ಸ್ವರೂಪವೇ ಬದಲಾಗಿ, ಹಳೆಯ 120ರ ಬದಲು 1ರಿಂದ 6ರವರೆಗಿನ ಅಳತೆ ಬಂದಿದೆ. ಪರಿವರ್ತನೆಯ ಕಾಲಕ್ಕೆ ಹಳೆಯ ಅಳತೆಗೆ ಸಮನಾದ ಅಂಕವನ್ನೂ ಜೊತೆಗೆ ಕೊಡುತ್ತಾರೆ. ಮನುಷ್ಯರ ಎದುರು ಕುಳಿತಾಗ ನಾಲಿಗೆ ಕಟ್ಟುವವರಿಗೆ ಮೈಕಿಗೆ ಮಾತಾಡುವ ಆ ಪರೀಕ್ಷೆ ಅನುಕೂಲ. ನಿಮ್ಮ ತೊಂದರೆ ಅದಲ್ಲ, ಬರವಣಿಗೆ. ಅದು ಅಲ್ಲಿಗೂ ನಿಮ್ಮ ಹಿಂದೆಯೇ ಬರುತ್ತದೆ. ಡುಯೊಲಿಂಗೊ ಪರೀಕ್ಷೆ ಅಗ್ಗ, ಮನೆಯಲ್ಲೇ ಒಂದು ಗಂಟೆಯಲ್ಲಿ ಮುಗಿಯುತ್ತದೆ, ಅಮೆರಿಕದ ಹಲವು ವಿಶ್ವವಿದ್ಯಾಲಯಗಳು ಒಪ್ಪುತ್ತವೆ. ಆದರೆ ಜರ್ಮನಿಯನ್ನೂ ಮನಸ್ಸಿನಲ್ಲಿಟ್ಟುಕೊಂಡವರು ಅದನ್ನು ನೆಚ್ಚಿ ಕೂರಬಾರದು.

ಇನ್ನು ಜಿಆರ್‌ಇ. ಕೋಚಿಂಗ್ ಸೆಂಟರ್‌ನವರ ಮಾತೂ ನಿಮ್ಮ ಸ್ನೇಹಿತರ ಮಾತೂ ಎರಡೂ ಅರೆಬರೆ. 2020ರ ಕೊರೊನಾ ಕಾಲದಲ್ಲಿ ಅಮೆರಿಕದ ಬಹಳಷ್ಟು ವಿಭಾಗಗಳು ಇದನ್ನು ಸಡಿಲಿಸಿದವು, ಹಲವು ಹಾಗೆಯೇ ಉಳಿದಿವೆ, ಕೆಲವು ಮತ್ತೆ ಕೇಳತೊಡಗಿವೆ. ಕೋರ್ಸಿನ ಪುಟದಲ್ಲಿ ನೀವು ಕಾಣುವ ಪದ ಮೂರರಲ್ಲಿ ಒಂದಾಗಿರುತ್ತದೆ: ಕಡ್ಡಾಯ, ಐಚ್ಛಿಕ, ಪರಿಗಣಿಸುವುದಿಲ್ಲ. ಮೂರನೆಯದನ್ನು ಬರೆದ ಕಡೆಗೆ ಗರಿಷ್ಠ ಅಂಕವಾದ 170 ಕಳಿಸಿದರೂ ಯಾರೂ ತೆರೆದು ನೋಡುವುದಿಲ್ಲ. ನಿಮ್ಮಂಥವರಿಗೆ ಮುಖ್ಯವಾಗುವುದು ಎರಡನೆಯದು. ಸಿಜಿಪಿಎ 7.6, ಕಾಲೇಜಿನ ಹೆಸರು ಅಲ್ಲಿನವರಿಗೆ ಅಪರಿಚಿತ. ಇಂಥಲ್ಲಿ ಒಳ್ಳೆಯ ಕ್ವಾಂಟ್ (ಗಣಿತ ವಿಭಾಗದ) ಅಂಕ ನಿಮ್ಮ ಪರವಾಗಿ ಒಂದು ಮಾತು ಹೇಳುತ್ತದೆ. ಸಾಧಾರಣ ಅಂಕ ಬಂದರೆ ಕಳಿಸದೆ ಸುಮ್ಮನಿರಬಹುದು. ಯಾವ ಅಂಕ ಕಳಿಸಬೇಕೆಂಬ ಆಯ್ಕೆ ನಿಮ್ಮದೇ. ಜರ್ಮನಿಯಲ್ಲಿ ಹೆಚ್ಚಿನ ಕೋರ್ಸುಗಳಿಗೆ ಇದು ಬೇಕಿಲ್ಲ, ಆದರೆ ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯದಂಥ ಕಡೆ ಕೆಲವು ಕೋರ್ಸುಗಳು ಭಾರತದ ಪದವೀಧರರಿಂದ ಜಿಆರ್‌ಇ ಅಥವಾ ನಮ್ಮ ಎಂಜಿನಿಯರಿಂಗ್ ಪರೀಕ್ಷೆಯಾದ ಗೇಟ್‌ನ ಅಂಕ ಕೇಳುತ್ತವೆ. ಜರ್ಮನಿಗೆ ಹೋಗುವ ಭಾರತೀಯರಿಗೆ 2022ರ ನವೆಂಬರ್‌ನಿಂದ ಕಡ್ಡಾಯವಾಗಿರುವ, ಶೈಕ್ಷಣಿಕ ದಾಖಲೆಗಳು ಅಸಲಿ ಎಂದು ದೃಢೀಕರಿಸುವ ಎಪಿಎಸ್ ಪ್ರಮಾಣಪತ್ರಕ್ಕೆ ವಾರಗಟ್ಟಲೆ ಕಾಯಬೇಕಾಗುತ್ತದೆ. ಹಲವರು ಪರೀಕ್ಷೆಯ ಗಡಿಬಿಡಿಯಲ್ಲಿ ಅದನ್ನು ಮರೆತು ಒಂದು ವರ್ಷ ಕಳೆದುಕೊಂಡಿದ್ದಾರೆ.

2023ರ ಸೆಪ್ಟೆಂಬರ್‌ನಿಂದ ಜಿಆರ್‌ಇ 1 ಗಂಟೆ 58 ನಿಮಿಷಕ್ಕೆ ಇಳಿದಿದೆ. ಒಂದು ಪ್ರಬಂಧ, 27 ವರ್ಬಲ್ (ಭಾಷಾ ವಿಭಾಗದ) ಪ್ರಶ್ನೆಗಳು, 27 ಕ್ವಾಂಟ್ ಪ್ರಶ್ನೆಗಳು. ವರ್ಬಲ್‌ನಲ್ಲೂ ಕ್ವಾಂಟ್‌ನಲ್ಲೂ 130ರಿಂದ 170ರವರೆಗೆ ಅಂಕ. ತಪ್ಪುತ್ತರಕ್ಕೆ ಅಂಕ ಕಳೆಯುವುದಿಲ್ಲ. ಎರಡೂ ವಿಷಯಗಳಲ್ಲಿ ಮೊದಲ ಸುತ್ತು ಹೇಗಾಯಿತು ಎಂಬುದರ ಮೇಲೆ ಎರಡನೆಯ ಸುತ್ತಿನ ಕಷ್ಟ ನಿರ್ಧಾರವಾಗುತ್ತದೆ. ಅಂಕದ ಅರ್ಥ ಮಾತ್ರ ಎರಡರಲ್ಲೂ ಒಂದೇ ಅಲ್ಲ. ವರ್ಬಲ್‌ನಲ್ಲಿ 160 ತೆಗೆದವರು ಬರೆದವರ ಪೈಕಿ ಮೇಲಿನ ಐದನೇ ಒಂದು ಭಾಗದೊಳಗೆ ಇರುತ್ತಾರೆ. ಕ್ವಾಂಟ್‌ನಲ್ಲಿ ಅದೇ 160 ಈಗ ಹೆಚ್ಚುಕಡಿಮೆ ನಡುವಿನ ಸಾಲು. ಎಂಜಿನಿಯರಿಂಗ್ ಅಭ್ಯರ್ಥಿಯಾದ ನೀವು ಕ್ವಾಂಟ್‌ನಲ್ಲಿ 165ರ ಮೇಲೆ ಕಣ್ಣಿಡಬೇಕು.

ಗಣಿತ ಹೈಸ್ಕೂಲ್ ಮಟ್ಟದ್ದೇ, ಕಲನಶಾಸ್ತ್ರವಿಲ್ಲ, ಪರದೆಯ ಮೇಲೆ ಕ್ಯಾಲ್ಕ್ಯುಲೇಟರೂ ಇದೆ. ಸರ್ಕಾರಿ ಶಾಲೆಯಲ್ಲಿ ನೀವು ಕಲಿತ ಅವಿಭಾಜ್ಯ ಸಂಖ್ಯೆ, ಶೇಕಡಾವಾರು, ತ್ರಿಭುಜ ಇವೇ ಅಲ್ಲಿಯೂ ಬರುತ್ತವೆ. ಹಾಗಿದ್ದರೂ ಎಂಜಿನಿಯರುಗಳು ಎಡವುತ್ತಾರೆ, ಎಡವುವುದು ಓದಿನಲ್ಲಿ. ಒಂದು ಉದಾಹರಣೆ ನೋಡಿ. ಎಕ್ಸ್ ಸೊನ್ನೆಗಿಂತ ದೊಡ್ಡದು ಎಂದು ಕೊಟ್ಟಿದೆ. ಎಕ್ಸ್‌ನ ವರ್ಗ ದೊಡ್ಡದೋ ಎಕ್ಸ್ ದೊಡ್ಡದೋ ಎಂಬುದು ಪ್ರಶ್ನೆ. ಮನಸ್ಸಿನಲ್ಲಿ 2, 3 ಇಟ್ಟುಕೊಂಡವರು ವರ್ಗವೇ ದೊಡ್ಡದೆಂದು ಒತ್ತಿ ಮುಂದೆ ಹೋಗುತ್ತಾರೆ. ಎಕ್ಸ್ 1 ಆದರೆ ಎರಡೂ ಸಮ, ಅರ್ಧ ಆದರೆ ವರ್ಗ ಕಾಲು ಆಗಿ ಚಿಕ್ಕದಾಗುತ್ತದೆ. ಆದ್ದರಿಂದ ನಿರ್ಧರಿಸಲಾಗದು ಎಂಬುದೇ ಸರಿಯುತ್ತರ. ಪೂರ್ಣಾಂಕ ಎಂದು ಪ್ರಶ್ನೆ ಎಲ್ಲೂ ಹೇಳಿರಲಿಲ್ಲ, ನಾವೇ ಹಾಗೆಂದುಕೊಂಡೆವು. ‘ನಾನ್-ನೆಗೆಟಿವ್’ ಎಂದಾಗ ಸೊನ್ನೆಯೂ ಸೇರುತ್ತದೆ ಎಂಬುದು ಇಂಥದೇ ಇನ್ನೊಂದು ಹಳ್ಳ. ತಪ್ಪಿದ ಪ್ರತಿ ಲೆಕ್ಕದ ಪಕ್ಕದಲ್ಲಿ, ಕನ್ನಡದಲ್ಲೇ ಆಗಲಿ, ‘ಏನನ್ನು ನಾನೇ ಊಹಿಸಿಕೊಂಡೆ’ ಎಂದು ಒಂದು ಸಾಲು ಬರೆದಿಡುವ ನೋಟ್‌ಬುಕ್ಕು ಯಾವ ಸೂತ್ರಪಟ್ಟಿಗಿಂತಲೂ ಹೆಚ್ಚು ಅಂಕ ತಂದುಕೊಡುತ್ತದೆ.

3,500 ಪದಗಳ ಬಾಯಿಪಾಠವನ್ನು ಬಿಟ್ಟುಬಿಡಿ. ವರ್ಬಲ್ ಪ್ರಶ್ನೆಗಳಲ್ಲಿ ಸುಮಾರು ಅರ್ಧ ಓದಿ ಅರ್ಥಮಾಡಿಕೊಳ್ಳುವಂಥವು. ಉಳಿದವುಗಳಲ್ಲಿಯೂ ವಾಕ್ಯ ಯಾವ ಕಡೆ ತಿರುಗುತ್ತಿದೆ ಎಂದು ಹಿಡಿಯದವರಿಗೆ ಪದದ ಅರ್ಥ ಗೊತ್ತಿದ್ದೂ ಉಪಯೋಗವಿಲ್ಲ. ಎಂಟುನೂರೋ ಸಾವಿರವೋ ಪದಗಳನ್ನು ವಾಕ್ಯಗಳ ಸಮೇತ ಕಲಿಯಿರಿ, ದಿನಕ್ಕೆ ಒಂದು ಗಂಭೀರ ಇಂಗ್ಲಿಷ್ ಲೇಖನ ಓದಿ ಅದರ ವಾದವನ್ನು ಎರಡು ವಾಕ್ಯಗಳಲ್ಲಿ ಬರೆಯಿರಿ. ಈ ಅಭ್ಯಾಸದಿಂದ ನಿಮ್ಮ ಐಇಎಲ್‌ಟಿಎಸ್ ರೈಟಿಂಗ್ ಕೂಡ ಸುಧಾರಿಸುತ್ತದೆ.

ಹಾಗಾದರೆ ಆ ಎಂಬತ್ತು ಸಾವಿರ? ಕೋಚಿಂಗ್ ವ್ಯರ್ಥವೆಂದು ನಾನು ಹೇಳಲಾರೆ, ನನ್ನ ಅನ್ನವೂ ಅದರಿಂದಲೇ ಹುಟ್ಟಿದ್ದು. ಹಣ ಕೊಟ್ಟು ಪಡೆಯಬೇಕಾದುದು ನಿಮ್ಮ ಬರಹವನ್ನು ಒಬ್ಬ ಮನುಷ್ಯ ಕೂತು ಓದಿ, ಗೆರೆ ಎಳೆದು, ಇಲ್ಲಿ ನಿಮ್ಮ ನಿಲುವು ಜಾರಿತು ಎಂದು ತೋರಿಸುವ ಸೇವೆ. ಹತ್ತು-ಹನ್ನೆರಡು ಪ್ರಬಂಧಗಳಿಗೆ ಅಂಥ ತಿದ್ದುಪಡಿ ಸಿಕ್ಕರೆ ನಿಮಗೆ ಸಾಕು. ಜಿಆರ್‌ಇಯವರೇ ಎರಡು ಪೂರ್ಣ ಅಣಕು ಪರೀಕ್ಷೆಗಳನ್ನು ಉಚಿತವಾಗಿ ಕೊಡುತ್ತಾರೆ, ಪ್ರಬಂಧದ ವಿಷಯಗಳ ಇಡೀ ಪಟ್ಟಿಯನ್ನು ತಮ್ಮ ಜಾಲತಾಣದಲ್ಲೇ ಹಾಕಿದ್ದಾರೆ. ಪ್ಯಾಕೇಜ್ ಜೊತೆಗೆ ‘ಉಚಿತ ಕೌನ್ಸೆಲಿಂಗ್’ ಎಂದಿದ್ದರೆ, ಯಾವ ವಿಶ್ವವಿದ್ಯಾಲಯಗಳಿಂದ ನಿಮಗೆ ಕಮಿಷನ್ ಬರುತ್ತದೆ ಎಂದು ನೇರವಾಗಿ ಕೇಳಿ. ಉತ್ತರ ತಡವರಿಸಿದರೆ ಅವರು ತೋರಿಸುವ ಕಾಲೇಜುಗಳ ಪಟ್ಟಿಯನ್ನು ಅನುಮಾನದಿಂದ ನೋಡಬೇಕಾಗುತ್ತದೆ.

ಕೊನೆಯದಾಗಿ, ನೀವು ಕೇಳದಿದ್ದರೂ ನಾನು ಹೇಳಲೇಬೇಕಾದ ವಿಷಯ ನಿಮ್ಮ ಹೆಸರು. ಪತ್ರದ ಕೆಳಗೆ ಹೆಸರಿನ ಮುಂದೆ ಎರಡು ಇನಿಷಿಯಲ್ ಇವೆ, ಒಂದು ಊರಿನದು, ಒಂದು ತಂದೆಯವರದು ಇರಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅವು ಇನಿಷಿಯಲ್ ಆಗಿಯೇ ಇರುತ್ತವೆ, ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆದಿರುತ್ತಾರೆ, ಅನೇಕ ಕನ್ನಡಿಗರಿಗೆ ಸರ್‌ನೇಮ್ ಕಾಲಂ ಖಾಲಿಯೇ ಇರುತ್ತದೆ. ಜಿಆರ್‌ಇಗೆ ನೋಂದಾಯಿಸುವಾಗ ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಅಕ್ಷರಶಃ ಹಾಗೆಯೇ ತುಂಬಿ. ನನ್ನ ವಿದ್ಯಾರ್ಥಿಯೊಬ್ಬ ಅಂಕಪಟ್ಟಿಯ ಪ್ರಕಾರ ಇನಿಷಿಯಲ್ ಹಾಕಿ ನೋಂದಾಯಿಸಿ, ಪರೀಕ್ಷಾ ಕೇಂದ್ರದ ಬಾಗಿಲಿನಿಂದಲೇ ವಾಪಸಾದ. ಇಪ್ಪತ್ತು ಸಾವಿರಕ್ಕೂ ಮಿಕ್ಕಿದ ಶುಲ್ಕ ಹಿಂದಿರುಗಲಿಲ್ಲ. ಸರ್‌ನೇಮ್ ಖಾಲಿ ಬಿಟ್ಟ ಪಾಸ್‌ಪೋರ್ಟಿಗೆ ಅಮೆರಿಕದ ವೀಸಾ ಬಂದಾಗ ಇಡೀ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಫಸ್ಟ್ ನೇಮ್ ಅನ್‌ನೋನ್, ಅಂದರೆ ಮೊದಲ ಹೆಸರು ಗೊತ್ತಿಲ್ಲ) ಎಂಬ ಮೂರಕ್ಷರ ಕೂರುತ್ತದೆ. ಆಮೇಲೆ ಅಲ್ಲಿ ಬ್ಯಾಂಕು, ಲೈಸೆನ್ಸು ಎಂದು ಹೋದಲ್ಲೆಲ್ಲ ವಿವರಣೆ ಕೊಡುತ್ತಿರಬೇಕು. ಪಾಸ್‌ಪೋರ್ಟ್ ತಿದ್ದಿಸುವ ಮನಸ್ಸಿದ್ದರೆ ಅದನ್ನು ಜಿಆರ್‌ಇಗೆ ಹಣ ಕಟ್ಟುವ ಮೊದಲೇ ಮಾಡಿಸಿ. ಐಇಎಲ್‌ಟಿಎಸ್ ರೀಟೇಕ್ ಅನ್ನು ಮಾತ್ರ ಹಳೆಯ ಪಾಸ್‌ಪೋರ್ಟಿನಲ್ಲೇ, ಆ ಅರವತ್ತು ದಿನ ತುಂಬುವುದರೊಳಗೆ ಮುಗಿಸಿಬಿಡಿ.